ಅಳೆಯದೆ ಬರೆದ ನೂರಾ ಮೂವತ್ತು

ಅರವತ್ತಕ್ಕೆ ಅರಳುಮರಳು ಅಂತ ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಮೊದಲು ಅವನ ಬಿಪಿ ನೋಡುತ್ತಿದ್ದೆ. ಆ ಒಂದು ಗಾದೆಯ ಹಿಂದೆ ಎಷ್ಟು ಜನ ಬಚ್ಚಿಟ್ಟುಕೊಳ್ಳಬಹುದು ಅನ್ನುವುದನ್ನು ಒಂದು ವರ್ಷ ಕಣ್ಣಾರೆ ನೋಡಿದ್ದೇನೆ. ಮನೆಯವರು ಬಚ್ಚಿಟ್ಟುಕೊಂಡರು, ಡಾಕ್ಟರು ಬಚ್ಚಿಟ್ಟುಕೊಂಡರು. ಎಲ್ಲರಿಗಿಂತ ಮೊದಲು ಬಚ್ಚಿಟ್ಟುಕೊಂಡವಳು ನಾನೇ.

ಗುಬ್ಬಿ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಓದಿದ್ದು ನರ್ಸಿಂಗ್, ನೌಕರಿ ಗುತ್ತಿಗೆಯದು. ಒಂದು ಮೇಜು, ಒಂದು ಮಂಚ, ಒಂದು ಟ್ಯಾಬ್, ಬಿಪಿ ನೋಡುವ ಯಂತ್ರ, ಬೀರು ತುಂಬ ರಿಜಿಸ್ಟರು. ಬಿಪಿ, ಶುಗರ್ ಇರುವವರಿಗೆ ಪ್ರತಿ ತಿಂಗಳು ಪರೀಕ್ಷೆ ಮಾಡಿ ಮಾತ್ರೆ ಕೊಡುವುದು ನನ್ನ ಕೆಲಸದಲ್ಲಿ ಒಂದು. ಗುರುವಾರ ಮಾತ್ರೆ ದಿನ.

ಆ ಪಟ್ಟಿಯಲ್ಲಿ ಒಬ್ಬರು ಟೈಲರ್ ಇದ್ದರು. ವಯಸ್ಸು ಅರವತ್ತಾರು. ಗುಬ್ಬಿ ಪೇಟೆಯ ಒಂದು ಸಂದಿಯಲ್ಲಿ ಅವರ ಅಂಗಡಿ, ನಮ್ಮ ಉಪಕೇಂದ್ರದ ಹಿಂದಿನ ಬೀದಿಯಲ್ಲಿ ಮನೆ. ಸುತ್ತಲಿನ ಶಾಲೆಗಳ ಮಕ್ಕಳಿಗೆ ಯೂನಿಫಾರಂ ಹೊಲಿದು ಹೊಲಿದು ಊರಿಗೆಲ್ಲ ಅವರು ‘ಮಾಸ್ಟರ್’ ಆಗಿದ್ದರು. ನಾನು ಕೆಲಸಕ್ಕೆ ಸೇರಿದಾಗ ಬಿಳಿ ಕೋಟು ಹೊಲಿಸಿದ್ದು ಅವರ ಹತ್ತಿರವೇ. ಅಕ್ಕನ ಹಳೆಯ ಕೋಟು ಕೊಟ್ಟು, ಇದರ ಅಳತೆಗೇ ಹೊಲಿಯಿರಿ, ನನಗೂ ಸರಿಹೋಗುತ್ತದೆ ಅಂದಿದ್ದೆ. ಅವರು ಕೋಟನ್ನು ಪಕ್ಕಕ್ಕೆ ಇಟ್ಟರು.

“ಕೋಟು ಅದರ ಅಳತೆ ಹೇಳ್ತದಮ್ಮ, ನಿಮ್ಮದು ಹೇಳಕಿಲ್ಲ. ನೆಟ್ಟಗೆ ನಿಂತ್ಕೊಳಿ,” ಅಂತ ಕತ್ತಿನಲ್ಲಿದ್ದ ಟೇಪು ತೆಗೆದರು.

ಆಮೇಲೆ ಒಂದೂವರೆ ವರ್ಷ ಅವರನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಗುರುವಾರ ಅಂಗಡಿ ಬಿಟ್ಟು ಬರಲು ಅವರಿಗೆ ಪುರುಸೊತ್ತಿರಲಿಲ್ಲ. ಸೊಸೆ ಬರುತ್ತಿದ್ದಳು, ಅತ್ತೆ ಮಾವ ಇಬ್ಬರ ಕಾರ್ಡನ್ನೂ ಮೇಜಿನ ಮೇಲೆ ಇಡುತ್ತಿದ್ದಳು. ನಾನು ಮಾತ್ರೆ ಕೊಡುತ್ತಿದ್ದೆ. ಮತ್ತು ಬಿಪಿ ಬರೆಯುತ್ತಿದ್ದೆ.

ಇಲ್ಲದ ಮನುಷ್ಯನ ಬಿಪಿ ಹೇಗೆ ಬರೆದೆ ಅಂತ ಕೇಳುತ್ತೀರಿ. ಕೇಳಲೇಬೇಕು. ಟ್ಯಾಬಿನಲ್ಲಿರುವ ಆ್ಯಪ್ ಹಾಗಿದೆ. ಬಿಪಿ ಎಷ್ಟು ಅನ್ನುವ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ. ಮುಂದಕ್ಕೆ ಹೋಗದಿದ್ದರೆ ಮಾತ್ರೆ ಕೊಟ್ಟದ್ದು ದಾಖಲಾಗುವುದಿಲ್ಲ. ದಾಖಲಾಗದಿದ್ದರೆ ಮುಂದಿನ ತಿಂಗಳ ಮಾತ್ರೆ ಬರುವುದಿಲ್ಲ. ‘ರೋಗಿ ಬಂದಿಲ್ಲ, ಮನೆಯವರು ಬಂದಿದ್ದಾರೆ’ ಅಂತ ಒತ್ತಲು ಅದರಲ್ಲಿ ಜಾಗವೇ ಇಲ್ಲ. ಅದನ್ನು ಮಾಡಿದವನು ಮನೆಯಲ್ಲಿ ಯಾವತ್ತೂ ಯಾರಿಗೂ ಮಾತ್ರೆ ತಂದುಕೊಟ್ಟಿರಲಿಕ್ಕಿಲ್ಲ. ನೂರಾ ನಲವತ್ತು ತೊಂಬತ್ತಕ್ಕಿಂತ ಕಡಿಮೆ ಬರೆದರೆ ‘ಕಂಟ್ರೋಲ್’ ಅಂತ ಹಸಿರು ಬಣ್ಣ ಬರುತ್ತದೆ. ಹಸಿರು ಎಷ್ಟಿದೆ ಅಂತ ತಿಂಗಳ ಮೀಟಿಂಗಿನಲ್ಲಿ ಕೇಳುತ್ತಾರೆ.

ನಾನು ಹೊಸದಾಗಿ ಸೇರಿದಾಗ ನಮ್ಮ ಮೇಲ್ವಿಚಾರಕಿ, ಇಪ್ಪತ್ತೈದು ವರ್ಷ ಸರ್ವಿಸ್ ಆದ ಹೆಂಗಸು, ನನ್ನ ರಿಜಿಸ್ಟರು ತಿರುವಿ ಹಾಕಿ ಹೇಳಿಕೊಟ್ಟಿದ್ದರು:

“ಎಲ್ಲಾರ್ಗೂ ನೂರಾ ಮೂವತ್ತು ಎಂಬತ್ತು ಹಾಕ್ಬೇಡ ಕಣೇ, ಮೇಲಿನೋರ್ಗೆ ಡೌಟ್ ಬರ್ತದೆ. ಒಬ್ಬರ್ಗೆ ಇಪ್ಪತ್ತೆಂಟು ಹಾಕು, ಒಬ್ಬರ್ಗೆ ಮೂವತ್ನಾಲ್ಕು ಹಾಕು. ಸ್ವಲ್ಪ ಬುದ್ಧಿ ಉಪಯೋಗ್ಸು.”

ಬುದ್ಧಿ ಉಪಯೋಗಿಸಿದೆ. ಮಾಸ್ಟರ್ ಕಾರ್ಡಿನಲ್ಲಿ ಒಂದೂವರೆ ವರ್ಷದ ಅಂಕಿ ನೋಡಿದರೆ ಎಷ್ಟು ಆರೋಗ್ಯವಂತ ಮನುಷ್ಯ ಅನ್ನಿಸಬೇಕು.

ಯುಗಾದಿ ಕಳೆದ ಮೇಲಿನ ಒಂದು ಗುರುವಾರ ಸೊಸೆ ಎಂದಿನಂತೆ ಬಂದಳು. ನಾನು ನೂರಾ ಮೂವತ್ತೆರಡು ಎಂಬತ್ತು ಅಂತ ಒತ್ತುತ್ತಿದ್ದೆ. ಅವಳು ನಗುತ್ತಲೇ ಹೇಳಿದಳು:

“ನಮ್ಮ ಮಾವ ನೆನ್ನೆ ಒಂದೇ ಶರ್ಟ್‌ಗೆ ಎರಡೂ ಎಡಗೈ ಹಾಕವ್ರೆ ಸಿಸ್ಟರ್. ಹೇಳಿದ್ರೆ ಅಳಕ್ಕೆ ಶುರು ಮಾಡ್ತಾರೆ. ಬಾತ್‌ರೂಮ್‌ಗೆ ಹೋಗೋ ಹೊತ್ಗೆ ಬಟ್ಟೇಲೇ ಆಗೋಯ್ತದೆ. ಅರಳುಮರಳು, ಇನ್ನೇನ್ ಮಾಡೋದು ಬುಡಿ.”

ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ ಎರಡು ಎಡಗೈ ಹೊಲಿಯುತ್ತಾನೆಯೇ? ಅಂದು ಸಂಜೆ ರಿಜಿಸ್ಟರು ಬರೆಯುವಾಗಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಮರುದಿನ ಯಂತ್ರ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ.

ಮಾಸ್ಟರ್ ಒಳಗಿನಿಂದ ನಡೆದು ಬಂದರು. ಬಂದರು ಅನ್ನುವುದಕ್ಕಿಂತ ಕಾಲು ಎಳೆದುಕೊಂಡು ಬಂದರು. ಹೆಜ್ಜೆ ಚಿಕ್ಕದು, ಅಂಗಾಲು ನೆಲ ಬಿಡುತ್ತಿರಲಿಲ್ಲ. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಿಸಿದೆ, ಪಾದ ನೆಲಕ್ಕೆ ಊರಿಸಿದೆ, ಐದು ನಿಮಿಷ ಮಾತಾಡಿಸಲಿಲ್ಲ. ತೋಳನ್ನು ಎದೆಯ ಎತ್ತರಕ್ಕೆ ದಿಂಬಿನ ಮೇಲೆ ಇಟ್ಟು ಪಟ್ಟಿ ಸುತ್ತಿದೆ. ನೂರಾ ತೊಂಬತ್ತಾರು, ನೂರಾ ಹನ್ನೆರಡು. ಯಂತ್ರ ಕೆಟ್ಟಿದೆ ಅಂದುಕೊಂಡು ನನ್ನ ತೋಳಿಗೆ ಹಾಕಿ ನೋಡಿದೆ, ನನ್ನದು ಸರಿಯಾಗಿತ್ತು. ಮತ್ತೆ ಐದು ನಿಮಿಷ ಬಿಟ್ಟು ಅವರ ಇನ್ನೊಂದು ತೋಳಿಗೆ ಹಾಕಿದೆ. ನೂರಾ ತೊಂಬತ್ತೆಂಟು. ಮೊದಲು ಬಂದದ್ದನ್ನು ಕಾರ್ಡಿನಲ್ಲಿ ಬರೆದೆ. ಹಿಂದಿನ ದಿನ ನಾನೇ ಬರೆದ ನೂರಾ ಮೂವತ್ತೆರಡು ಟ್ಯಾಬಿನಲ್ಲಿ ಹಸಿರಾಗಿ ಕೂತಿತ್ತು.

ನೆನಪಿನ ಪರೀಕ್ಷೆ ಮಾಡಿದೆ. ಇವತ್ತು ಯಾವ ವಾರ ಅಂದರೆ ಶುಕ್ರವಾರ ಅಂದರು, ಟೋಪಿ ಹಾಕಿಕೊಂಡು ನಮಾಜಿಗೆ ಸಿದ್ಧವಾಗಿದ್ದರು. ಐದು ಪದ ಹೇಳಿ ಆಮೇಲೆ ಕೇಳಿದರೆ ಎರಡು ಮಾತ್ರ ಬಂದವು. ಸುಳಿವು ಕೊಟ್ಟರೆ ಉಳಿದವೂ ಬರುತ್ತಿದ್ದವು, ತಡವಾಗಿ. ಗಡಿಯಾರ ಬರೆಯಿರಿ ಅಂತ ಕಾಗದ ಕೊಟ್ಟೆ. ಪೆನ್ನು ಬೇಡ ಅಂದು, ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು ನೆಲದ ಮೇಲೆ ಒಂದೇ ಸಲಕ್ಕೆ ಗುಂಡಗೆ ಗೆರೆ ಎಳೆದರು. ಅಷ್ಟು ಚಂದದ ವೃತ್ತ ನನ್ನ ಕೈಯಲ್ಲಿ ಆಗದು. ಆದರೆ ಹನ್ನೆರಡು ಅಂಕಿಯನ್ನೂ ಬಲಗಡೆಯೇ ತುರುಕಿದರು. ಬರೆದು ಮುಗಿಸಿ ನೋಡಿದರು. ತಪ್ಪಾಗಿದೆ ಅಂತ ಅವರಿಗೆ ಗೊತ್ತಾಯಿತು. ಏನು ತಪ್ಪು ಅಂತ ಗೊತ್ತಾಗಲಿಲ್ಲ. ಅಳಲು ಶುರು ಮಾಡಿದರು, ಅಳುತ್ತ ಅಳುತ್ತಲೇ ನಗು ಬಂತು, ನಿಲ್ಲಿಸಲು ಆಗದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡರು.

ಅವರ ಹೆಂಡತಿ ಬಾಗಿಲ ಹತ್ತಿರ ನಿಂತು ಹೇಳಿದರು: “ರಂಜಾನ್ ಆದ್ಮೇಲೆ ಒಂದಿನ ಚಾ ಲೋಟ ಕೈಯಿಂದ ಬಿದ್ದೋಯ್ತಮ್ಮ. ಬಾಯಿ ಒಂಚೂರು ಸೊಟ್ಟ ಆಯ್ತು. ಮಧ್ಯಾಹ್ನಕ್ಕೆ ಸರೋಯ್ತು. ಗ್ಯಾಸು ಅಂದ್ಕೊಂಡ್ವಿ.”

“ಮಾತ್ರೆ ದಿನಾ ತಗೋತಿದ್ರಾ?”

ಆಕೆ ಗೂಡಿನಿಂದ ಒಂದು ಮಾತ್ರೆ ಪಟ್ಟಿ ತಂದು ತೋರಿಸಿದರು. ಇಬ್ಬರಿಗೂ ಅದೊಂದೇ. ಕೆಲವು ತಿಂಗಳಿಂದ ಮೂವತ್ತು ಮಾತ್ರೆಯ ಬದಲು ಹತ್ತು ಹತ್ತೇ ಬರುತ್ತಿದ್ದವು, ಬಂದದ್ದನ್ನು ಹಂಚುತ್ತಿದ್ದೆ. ಮನೆಯಲ್ಲಿ ಅವರು ಅದನ್ನೂ ಹಂಚಿಕೊಂಡಿದ್ದರು.

“ಒಂದಿನ ಅವ್ರು, ಒಂದಿನ ನಾನು. ಆಮೇಲ್ ಆಮೇಲೆ ಜಾಸ್ತಿ ನಾನೇ ತಗೊಂಡೆ. ಅವ್ರದು ಚೆನ್ನಾಗೈತೆ ಅಂತ ನೀವೇ ಕಾರ್ಡಲ್ಲಿ ಬರ್ದಿದ್ರಲ್ಲಮ್ಮ.”

ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಓದು ಬರುವ ಸೊಸೆಯ ಕೈಲಿ ಓದಿಸಿ, ನನ್ನ ಅಂಕಿಯನ್ನು ನಂಬಿ, ಅದರ ಮೇಲೆ ಲೆಕ್ಕ ಹಾಕಿ ಆ ಮುದುಕಿ ಗಂಡನ ಮಾತ್ರೆ ತಾನು ನುಂಗಿದ್ದರು. ಅವರನ್ನು ಬಯ್ಯಲು ನನಗೆ ಬಾಯಿ ಎಲ್ಲಿತ್ತು?

ಅಂದೇ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ, ಸಂಜೆ ಮಾಸ್ಟರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಕಾರ್ಡು ನೋಡಿದರು, ನನ್ನನ್ನು ನೋಡಿದರು.

“ಒಂದೂವರೆ ವರ್ಷ ಮೂವತ್ತು ಇದ್ದಿದ್ದು ಒಂದೇ ದಿನಕ್ಕೆ ತೊಂಬತ್ತಾಗುತ್ತೇನಮ್ಮಾ? ನಿನ್ನ ಮಿಷಿನ್ ಬ್ಯಾಟರಿ ಚೇಂಜ್ ಮಾಡ್ಸು. ಮರೆವು ವಯಸ್ಸಿಂದು. ಬೇಕಾದ್ರೆ ತುಮಕೂರಿಗೆ ಬರೆದುಕೊಡ್ತೀನಿ, ತೋರಿಸ್ಲಿ.”

ಬರೆದುಕೊಟ್ಟರು. ತಮ್ಮ ಮೇಜಿನ ಮೇಲಿದ್ದ ಯಂತ್ರ ಮುಟ್ಟಲಿಲ್ಲ. ನನ್ನ ಬ್ಯಾಟರಿ ಸರಿಯಿದೆ, ಆ ಅಂಕಿಗಳು ಸುಳ್ಳು ಅಂತ ಹೇಳಲು ನಾನೂ ಬಾಯಿ ಬಿಡಲಿಲ್ಲ. ಮನೆಗೆ ಬೇಕಾದ ಪೂರಾ ಮಾತ್ರೆಯನ್ನು ಹೊರಗಿನ ಮೆಡಿಕಲ್ ಅಂಗಡಿಯಿಂದ ಕೊಡಿಸಿ, ಇನ್ನು ಎಲ್ಲ ಸರಿಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ತುಮಕೂರಿಗೆ ಹೋಗುವುದು ಮಾತ್ರ ಇವತ್ತು ನಾಳೆ ಅಂತ ಮುಂದಕ್ಕೆ ಹೋಯಿತು. ಕುಣಿಗಲ್ಲಿನಲ್ಲಿದ್ದ ಮಗಳ ಮನೆಯಲ್ಲಿ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಅದು ಮುಗಿಯಲಿ ಅಂದರು.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಸಾಮಾನು ಇಳಿಸಿಕೊಳ್ಳುವಷ್ಟರಲ್ಲಿ ಮಾಸ್ಟರ್ ಇನ್ನೊಂದು ದಿಕ್ಕಿಗೆ ನಡೆದುಬಿಟ್ಟರು. ಎರಡು ಗಂಟೆ ಹುಡುಕಿದರು. ಅಷ್ಟರಲ್ಲಿ ಮೆದುಳಿಗೆ ಮತ್ತೊಂದು ಹೊಡೆತ ಬಿದ್ದಿರಬೇಕು, ನಾಲಿಗೆ ತೊದಲುತ್ತಿತ್ತು, ಕಾಲು ತೂರಾಡುತ್ತಿತ್ತು. ಕೆರೆಯ ಕಡೆ ಹೋಗುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತಿದ್ದವರನ್ನು ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬಂದಿದ್ದಾನೆ ಅಂತ ದಬ್ಬಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಬಿದ್ದವರನ್ನು ಎಬ್ಬಿಸಿ, ನೀರು ಕುಡಿಸಿ, ತನ್ನ ಪಕ್ಕ ಕೂರಿಸಿಕೊಂಡವಳು ಹೂ ಮಾರುವ ಒಬ್ಬ ಹೆಂಗಸು. ಹುಡುಕಿಕೊಂಡು ಹೋದ ಮಗನನ್ನು ಅವಳು ಕೇಳಿದಳಂತೆ: “ಕುಡುಕ ಕತ್ತಿಗೆ ಟೇಪ್ ಹಾಕ್ಕಂಡ್ ಬತ್ತಾನೇನಪ್ಪ? ಯಾರೋ ಕಸುಬಿನೋರು ಅಂತ ಅಷ್ಟು ಗೊತ್ತಾಗಲ್ವಾ ಈ ಜನಕ್ಕೆ?”

ಡಿಗ್ರಿ ಓದಿದ ನಮಗೆ ಯಾರಿಗೂ ಕಾಣದ್ದು ಅವಳಿಗೆ ಕಂಡಿತ್ತು.

ಮುಂದಿನ ವಾರ ರಜೆ ಹಾಕಿ ನಾನೇ ಅವರ ಜೊತೆ ತುಮಕೂರಿಗೆ ಹೋದೆ. ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ಬರೆಯುವುದಿಲ್ಲ, ಅಂಥವರು ಅವರೊಬ್ಬರೇ ಅಲ್ಲ. ಹೊರಗೆ ಮೂರು ಗಂಟೆ ಕಾದೆವು, ಒಳಗೆ ನಾಲ್ಕು ನಿಮಿಷ ಇದ್ದೆವು. ತಜ್ಞರು ಕಾರ್ಡಿನ ಮೇಲೆ ಬೆರಳಾಡಿಸಿದರು. “ಬಿಪಿ ತುಂಬಾ ಚೆನ್ನಾಗಿ ಮೇಂಟೇನ್ ಆಗಿದೆ. ಈ ಒಂದು ತೊಂಬತ್ತಾರು ಯಾರೋ ತಪ್ಪು ನೋಡಿದಾರೆ. ಸ್ಟ್ರೋಕ್ ಅಲ್ಲ ಇದು. ವಯಸ್ಸಾದೋರಿಗೆ ಬರೋ ಮರೆವಿನ ಕಾಯಿಲೆ. ವಾಸಿ ಆಗಲ್ಲ, ಹಿಂಗೇ ನಿಧಾನಕ್ಕೆ ಇಳೀತಾ ಹೋಗುತ್ತೆ.” ಮರೆವಿಗೆ ಒಂದು ಮಾತ್ರೆ, ಗಲಾಟೆ ಮಾಡಿದರೆ ನಿದ್ದೆಗೆ ಒಂದು ಮಾತ್ರೆ, ಆರು ತಿಂಗಳು ಬಿಟ್ಟು ಬನ್ನಿ. ಸ್ಕ್ಯಾನ್ ಇಲ್ಲ. ಅವರ ಮೇಜಿನ ಮೇಲೂ ಬಿಪಿ ಯಂತ್ರ ಇತ್ತು, ಅದರ ಮೇಲೆ ಔಷಧಿ ಕಂಪನಿಯ ಕ್ಯಾಲೆಂಡರು ಇತ್ತು.

ಕಾರ್ಡಿನಲ್ಲಿದ್ದ ಅಷ್ಟೂ ಸುಳ್ಳಿನ ನಡುವೆ ಒಂದೇ ಒಂದು ನಿಜ ಇತ್ತು. ಇಬ್ಬರು ಡಾಕ್ಟರು ಅದನ್ನೇ ಆರಿಸಿ ತಪ್ಪು ಅಂದರು. ಅಲ್ಲೇ ನಿಂತಿದ್ದ ನಾನು ಈ ಸಲವೂ ಬಾಯಿ ಬಿಡಲಿಲ್ಲ. ನನ್ನ ಗುತ್ತಿಗೆ ಮುಂದಿನ ಮಾರ್ಚಿಗೆ ನವೀಕರಣವಾಗಬೇಕಿತ್ತು. ಅದನ್ನು ಬಿಟ್ಟರೆ ನನಗೆ ಬೇರೆ ನೆಪವಿಲ್ಲ.

ವಾಪಸು ಬಸ್ಸಿನಲ್ಲಿ ಸೊಸೆ ನನ್ನ ಪಕ್ಕ ಕೂತಿದ್ದಳು. ಮುಖ ಹಗುರಾಗಿತ್ತು.

“ಬಿಪಿ ಚೆನ್ನಾಗೈತೆ ಅಂದ್ರಲ್ಲ ಸಿಸ್ಟರ್ ದೊಡ್ಡ ಡಾಕ್ಟ್ರು. ಹಂಗಾದ್ರೆ ಬಿಪಿ ಮಾತ್ರೆ ನಿಲ್ಲಿಸ್ಬಹುದಾ? ಒಟ್ಟಿಗೆ ಅಷ್ಟೊಂದು ಮಾತ್ರೆ ನುಂಗಲ್ಲ ಅವ್ರು.”

ಮಾತ್ರೆ ನಿಂತರೆ ಮುಂದಿನ ಹೊಡೆತಕ್ಕೆ ಈ ಮನುಷ್ಯ ಮಾತು ಕಳೆದುಕೊಳ್ಳಬಹುದು, ಹಾಸಿಗೆ ಹಿಡಿಯಬಹುದು. ಉಳಿದಿರುವ ಬುದ್ಧಿಯೂ ಹೋಗುತ್ತದೆ. ಎಲ್ಲ ನಾನು ಬರೆದ ಹಸಿರು ಬಣ್ಣದ ಅಂಕಿಯ ಬಲದ ಮೇಲೆ.

“ನಿಲ್ಲಿಸ್ಬೇಡಿ. ಒಂದು ದಿನಾನೂ ನಿಲ್ಲಿಸ್ಬೇಡಿ,” ಅಂದೆ. ಅವಳ ಕೈಯಲ್ಲಿದ್ದ ಕಾರ್ಡು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ದಿನ ಅಂಗಡಿಗೆ ಹೋದೆ. ಈಗ ಮಗನೇ ಅಂಗಡಿ ನೋಡಿಕೊಳ್ಳುತ್ತಿದ್ದ, ಮೂವತ್ತೈದರ ಗಂಡಸು. ಅಪ್ಪನಿಗೆ ಯಾವಾಗಿಂದ ಹೀಗೆ ಅಂತ ಕೇಳಿದೆ. ನಿಧಾನಕ್ಕೆ ಆಯ್ತು ಮೇಡಂ, ಇಂಥ ದಿನ ಅಂತ ಹೇಳಕ್ಕಾಗಲ್ಲ ಅಂದ. ಆಮೇಲೆ ಏನೋ ನೆನಪಾಗಿ ಹಲಗೆಯ ಕೆಳಗಿನಿಂದ ಅಪ್ಪನ ಅಳತೆ ಪುಸ್ತಕಗಳನ್ನು ಎಳೆದು ಹಾಕಿದ. ಪ್ರತಿ ಪುಟದಲ್ಲೂ ಗಿರಾಕಿಯ ಹೆಸರು, ತಾರೀಖು, ಉದ್ದ, ಭುಜ, ಎದೆ, ಸೊಂಟ, ತೋಳು, ಮೂಲೆಯಲ್ಲಿ ಪಿನ್ನು ಚುಚ್ಚಿದ ಬಟ್ಟೆಯ ಚೂರು.

ನಾನು ನೆಲದ ಮೇಲೆ ಕೂತು ಒಂದೂವರೆ ವರ್ಷದ ಪುಟ ತಿರುವಿದೆ. ಮೊದಲು ಮುತ್ತು ಪೋಣಿಸಿದ ಹಾಗಿರುವ ಅಕ್ಷರ. ಹಾಗೇ ತಿಂಗಳುಗಟ್ಟಲೆ. ಒಂದು ದಿನ ಇದ್ದಕ್ಕಿದ್ದಂತೆ ಅಕ್ಷರ ಚಿಕ್ಕದಾಗಿ ಸಾಲು ಕೆಳಕ್ಕೆ ಜಾರಿತ್ತು. ಅದರ ಹಿಂದಿನ ದಿನದ ಪುಟ ಸರಿಯಾಗಿಯೇ ಇತ್ತು. ಆಮೇಲೆ ನಾಲ್ಕು ತಿಂಗಳು ಹಾಗೇ, ಕೆಡಲೂ ಇಲ್ಲ, ಸುಧಾರಿಸಲೂ ಇಲ್ಲ. ರಂಜಾನ್ ಕಳೆದ ವಾರದಲ್ಲಿ, ಚಾ ಲೋಟ ಬಿದ್ದ ದಿನಗಳಲ್ಲೇ ಇರಬೇಕು, ಮತ್ತೆ ಒಮ್ಮೆಗೆ ಕುಸಿದಿತ್ತು. ಅಳತೆಗಳ ಕ್ರಮ ತಪ್ಪಿತ್ತು, ಭುಜದ ಜಾಗದಲ್ಲಿ ಸೊಂಟ ಬರೆದು ಹೊಡೆದು ಹಾಕಿದ್ದರು. ಇಳಿಜಾರಲ್ಲ ಅದು. ಮೆಟ್ಟಿಲು. ನಿಧಾನಕ್ಕೆ ಬರುವ ಮರೆವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. ಮೆದುಳಿನ ಒಂದೊಂದು ಸಣ್ಣ ರಕ್ತನಾಳ ಕಟ್ಟಿಕೊಂಡಾಗ ಒಂದೊಂದು ಮೆಟ್ಟಿಲು. ನರ್ಸಿಂಗ್ ಓದುವಾಗ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದು ಮರೆತೂ ಬಿಟ್ಟಿದ್ದೆ.

ಕಾಯಿಲೆ ಬಿದ್ದ ಮುದುಕನ ಪುಸ್ತಕದಲ್ಲಿ ಅವನ ಕಾಯಿಲೆ ದಿನಾಂಕ ಸಮೇತ ಬರೆದಿತ್ತು. ಆರೋಗ್ಯ ಇಲಾಖೆಯ ಕಾರ್ಡಿನಲ್ಲಿ ಅದರ ಸುಳಿವೂ ಇರಲಿಲ್ಲ.

ಅಲ್ಲಿಂದಲೇ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಕಾರ್ಡು ತಿದ್ದುತ್ತೇನೆ, ಅಳೆಯದೆ ಬರೆದದ್ದು ಅಂತ ಬರೆಯುತ್ತೇನೆ ಅಂದೆ.

“ತಲೆ ಕೆಟ್ಟಿದೆಯೇನೇ ನಿಂಗೆ? ನೀನೊಬ್ಳೇನಾ ಬರೆಯೋದು? ನಿಂದು ಹೊರಗೆ ಬಂದ್ರೆ ಎಲ್ಲಾರ್ದೂ ಕೆದಕ್ತಾರೆ. ಆ ಮುದುಕಂಗೆ ಇನ್ನೇನ್ ಸರಿಹೋಗ್ಬೇಕು? ಆಗಿದ್ದು ಆಗೋಯ್ತು, ಸುಮ್ನಿರು ಕಣೇ.”

ಕೆಟ್ಟ ಹೆಂಗಸಲ್ಲ ಆಕೆ. ನನ್ನ ಹೆರಿಗೆಗೆ ರಜೆ ಕೊಡಿಸಲು ಆಫೀಸಿನಲ್ಲಿ ಜಗಳ ಆಡಿದ್ದರು. ಆದರೆ ‘ಆ ಮುದುಕಂಗೆ ಇನ್ನೇನು’ ಅಂದರಲ್ಲ, ಅಲ್ಲಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅರಳುಮರಳು ಅನ್ನುವ ಗಾದೆಯ ಇನ್ನೊಂದು ಮುಖ ಅದೇ ತಾನೇ? ಹೋಗುವ ಜೀವ, ಹೋಗಲಿ ಬಿಡು.

ಫೋನಿಟ್ಟು ಕೆಂಪು ಪೆನ್ನು ಕೇಳಿ ತೆಗೆದುಕೊಂಡೆ. ಮಗನ ಎದುರಿಗೇ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಕಾರ್ಡು ಇಟ್ಟು, ಒಂದೊಂದು ಅಂಕಿಯ ಮೇಲೂ ಗೆರೆ ಎಳೆದೆ. ಪ್ರತಿಯೊಂದರ ಪಕ್ಕ ‘ಅಳೆದಿಲ್ಲ’ ಅಂತ ಬರೆದೆ, ರುಜು ಹಾಕಿದೆ. ತೊಂಬತ್ತಾರರ ಸುತ್ತ ಗುಂಡಗೆ ಸುತ್ತಿ ‘ಎರಡು ಸಲ ಅಳೆದದ್ದು, ಎರಡೂ ತೋಳು’ ಅಂತ ಬರೆದೆ.

ಮಗ ಕಾರ್ಡನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ.

“ಅಂದ್ರೆ ನೀವು ನೋಡ್ದೇನೇ ಬರೀತಿದ್ರಾ ಮೇಡಂ?”

“ಹೂಂ.”

ಅವನು ಬಯ್ಯುತ್ತಾನೆ ಅಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು. ಕತ್ತರಿ ಎತ್ತಿಕೊಂಡು ಬೇರೆ ಕಡೆ ತಿರುಗಿ, “ಅಪ್ಪ ಹಂಗೆ ಮಾಡಿದ್ರೆ ಗಿರಾಕಿ ಬರ್ತಿದ್ರಾ?” ಅಂದ. ಅಷ್ಟೇ.

ಎರಡು ದಿನ ಬಿಟ್ಟು ಮಾಸ್ಟರ್ ಜೊತೆ ಮಗನನ್ನೂ ಕರೆದುಕೊಂಡು ಮತ್ತೆ ತುಮಕೂರು. ಅದೇ ತಜ್ಞರು, ಅದೇ ಕಾಯುವಿಕೆ. ಈ ಸಲ ಕಾರ್ಡನ್ನೂ ಅಳತೆ ಪುಸ್ತಕವನ್ನೂ ಅವರ ಮುಂದೆ ಅಕ್ಕಪಕ್ಕ ಇಟ್ಟೆ. ಕೆಂಪು ಗೆರೆ ನೋಡಿ ಅವರ ಮುಖವೂ ಕೆಂಪಾಯಿತು.

“ಏನ್ರೀ ಇದು? ಇಂಥ ಡೇಟಾ ಇಟ್ಕೊಂಡು ನಾನು ಟ್ರೀಟ್‌ಮೆಂಟ್ ಮಾಡ್ಬೇಕಾ? ನಾಚಿಕೆ ಆಗಲ್ವಾ ನಿಮಗೆ?”

“ಆಗುತ್ತೆ ಸರ್. ಅದಕ್ಕೇ ಬಂದಿದೀನಿ. ಈಗಲಾದ್ರೂ ಒಂದ್ಸಲ ನೀವು ಅಳೆದು ನೋಡಿ.”

ಮೊದಲ ಸಲ ಅಳೆಯದಿದ್ದದ್ದು ಅವರಿಗೂ ನೆನಪಾಯಿತೋ ಏನೋ, ಆಮೇಲೆ ದನಿ ಏರಿಸಲಿಲ್ಲ. ಕ್ಯಾಲೆಂಡರು ಸರಿಸಿ ಯಂತ್ರ ತೆಗೆದರು. ಇಪ್ಪತ್ತು ದಿನ ಪೂರಾ ಮಾತ್ರೆ ನುಂಗಿದ ಮೇಲೂ ನೂರಾ ಎಪ್ಪತ್ತು ಬಂತು. ಎರಡೂ ತೋಳು ನೋಡಿದರು, ನಿಲ್ಲಿಸಿ ನೋಡಿದರು, ನಡೆಸಿದರು. ಅಳತೆ ಪುಸ್ತಕವನ್ನು ಬಹಳ ಹೊತ್ತು ತಿರುವಿದರು. ಆಮೇಲೆ ತಲೆಯ ಸ್ಕ್ಯಾನಿಗೆ ಬರೆದರು.

ಸ್ಕ್ಯಾನಿನಲ್ಲಿ ಪುಟ್ಟ ಪುಟ್ಟ ಕಪ್ಪು ಚುಕ್ಕೆಗಳಿದ್ದವು. ಒಂದಲ್ಲ, ಆರೇಳು. ಹಳೆಯವು ಕೆಲವು, ಒಂದು ತೀರಾ ಹೊಸದು, ಕುಣಿಗಲ್ಲಿನದು. ತಜ್ಞರು ಬೆಳಕಿಗೆ ಹಿಡಿದು ಮಗನಿಗೆ ತೋರಿಸಿದರು.

“ದೊಡ್ಡ ಸ್ಟ್ರೋಕ್ ಆದ್ರೆ ಕೈಕಾಲು ಬೀಳುತ್ತೆ, ಎಲ್ಲರಿಗೂ ಕಾಣುತ್ತೆ. ಇವು ಸಣ್ಣವು. ಒಳಗೇ ಆಗಿ ಹೋಗುತ್ತೆ. ಬಟ್ಟೆಗೆ ನುಸಿ ಹೊಡೆದಂಗೆ. ಹೊಡೆದ ತೂತು ಮುಚ್ಚಕ್ಕಾಗಲ್ಲ. ಇನ್ನೊಂದು ಬೀಳದಂಗೆ ನೋಡ್ಕೋಬೇಕು. ಬಿಪಿ, ಶುಗರ್, ರಕ್ತ ತೆಳು ಮಾಡೋ ಮಾತ್ರೆ, ನಡಿಗೆ. ಅದೇ ಔಷಧಿ.”

ನಿದ್ದೆ ಮಾತ್ರೆ ಹೊಡೆದು ಹಾಕಿದರು. ನಾನು ಹೊರಡುವಾಗ ಕಾರ್ಡು ಕೈಗೆ ಕೊಟ್ಟು, “ಮೊದಲೇ ಗೊತ್ತಾಗಿದ್ರೆ ನಾಲ್ಕು ತೂತಾದ್ರೂ ತಪ್ಪಿಸ್ಬಹುದಿತ್ತು,” ಅಂದರು. ಯಾರಿಗೆ ಹೇಳಿದರು ಅಂತ ಕೇಳುವ ಅಗತ್ಯವಿರಲಿಲ್ಲ.

ಆಮೇಲೆ ನನಗೆ ನೋಟೀಸು ಬಂತು. ಅಷ್ಟರಲ್ಲಿ ಎಲ್ಲರ ಬಿಪಿಯನ್ನೂ ಹೊಸದಾಗಿ ಅಳೆದು ಟ್ಯಾಬಿನಲ್ಲಿ ತುಂಬಿದ್ದೆ. ಬರಲಾಗದವರ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ಸಂಜೆ ಸಂಜೆ ಹೋಗಿ ಅಳೆದೆ. ಹಸಿರು ಕರಗಿ ಅರ್ಧಕ್ಕರ್ಧ ಕೆಂಪಾಯಿತು. ತಿಂಗಳ ಮೀಟಿಂಗಿನಲ್ಲಿ ಮೇಲಿನ ಅಧಿಕಾರಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಿಮ್ಮ ಕೇಂದ್ರ ಒಂದೇ ತಿಂಗಳಲ್ಲಿ ಯಾಕೆ ಇಷ್ಟು ಕೆಳಗೆ ಬಿತ್ತು, ಕೆಲಸ ಮಾಡ್ತೀರೋ ಇಲ್ಲವೋ ಅಂತ ಕೇಳಿದರು. ಕೆಲಸ ಮಾಡಿದ್ದಕ್ಕೇ ಬಿತ್ತು ಸರ್ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹತ್ತು ಮಾತ್ರೆಯಲ್ಲಿ ಮೂವತ್ತು ದಿನ ಹೇಗೆ ಕಳೆಯಬೇಕು ಅಂತಲೂ ಕೇಳಿದೆ. ಅದು ಈ ಮೀಟಿಂಗಿನ ವಿಷಯವಲ್ಲ ಅಂದರು. ಯಾವ ಮೀಟಿಂಗಿನ ವಿಷಯ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಆ್ಯಪಿನಲ್ಲಿ ‘ರೋಗಿ ಬಂದಿಲ್ಲ’ ಅಂತ ಒತ್ತುವ ಜಾಗವೂ ಬಂದಿಲ್ಲ. ಮಾರ್ಚ್ ಬಂದಾಗ ನನ್ನ ಗುತ್ತಿಗೆಯನ್ನು ವರ್ಷದ ಬದಲು ಮೂರು ತಿಂಗಳಿಗೆ ಮಾಡಿದರು. ಇದನ್ನು ಬರೆಯುವ ಹೊತ್ತಿಗೆ ಅದು ಎರಡು ಸಲ ಮುಂದುವರಿದಿದೆ.

ಮೊನ್ನೆ ದಸರಾ ರಜೆಗೆ ಮುಂಚೆ ಹೊಸ ಕೋಟಿನ ಬಟ್ಟೆ ಹಿಡಿದು ಮಾಸ್ಟರ್ ಅಂಗಡಿಗೆ ಹೋದೆ. ಕುಣಿಗಲ್ಲಿನ ನಂತರ ಅವರು ಮತ್ತೊಂದು ಮೆಟ್ಟಿಲು ಇಳಿದಿಲ್ಲ, ಹತ್ತಿಯೂ ಇಲ್ಲ. ಬೆಳಿಗ್ಗೆ ಹೆಂಡತಿ ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿಯೇ ಕಳಿಸುತ್ತಾರೆ. ಗಂಡನದು ನೀಲಿ ಚೀಲ, ಆಕೆಯದು ಹಸಿರು ಚೀಲ, ಎರಡೂ ಸೊಸೆ ಹೊಲಿದದ್ದು. ಮಾಸ್ಟರ್ ಕೈಗೆ ಈಗ ಕತ್ತರಿ ಕೊಡುವುದಿಲ್ಲ. ಗುಂಡಿ ಆರಿಸುತ್ತ ಬಾಗಿಲ ಹತ್ತಿರ ಕೂತಿರುತ್ತಾರೆ, ಕತ್ತಿನಲ್ಲಿ ಟೇಪು ಮಾತ್ರ ಇದ್ದೇ ಇದೆ.

ನನ್ನನ್ನು ನೋಡಿ ನಕ್ಕರು. ಗುರುತು ಸಿಗಲಿಲ್ಲ.

ಮಗ ಹಳೆಯ ಪುಸ್ತಕ ತೆಗೆಯುತ್ತ, “ನಿಮ್ಮ ಅಳತೆ ಇಲ್ಲೇ ಐತೆ ಮೇಡಂ, ಅದನ್ನೇ ಹಾಕ್ಕೊತೀನಿ,” ಅಂದ.

ಮಾಸ್ಟರ್ ಗುಂಡಿ ಡಬ್ಬಿ ಕೆಳಗಿಟ್ಟರು.

“ಅಳೀದೆ ಬರೀತಾರೇನ್ಲಾ?” ಅಂದರು. ಮಾತು ತೊದಲಿದರೂ ಸಿಟ್ಟು ತೊದಲಲಿಲ್ಲ. “ಮೈ ಬದಲಾಗ್ತಾ ಇರ್ತದೆ. ಅಳೀದೆ ಬರೆಯೋನು ಕಳ್ಳ.”

ಗೋಡೆ ಹಿಡಿದು ಎದ್ದರು. ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ನನ್ನ ಹಿಂದೆ ಬಂದು ನಿಂತರು. ಟೇಪು ಭುಜದಿಂದ ಭುಜಕ್ಕೆ ಬಂತು. ಪುಸ್ತಕ ಕಸಿದುಕೊಂಡು ಬರೆದರು. ಹೆಸರೇನಮ್ಮ ಅಂತ ಕೇಳಿದರು, ಹೇಳಿದೆ. ಅದನ್ನು ಬರೆಯುವಷ್ಟರಲ್ಲಿ ಭುಜ ಅಳೆದದ್ದು ಮರೆತುಹೋಯಿತು. ಮತ್ತೆ ಟೇಪು ಹಿಡಿದು ಬಂದರು, ಮತ್ತೆ ಬರೆದರು. ಇನ್ನೊಂದು ಸಲವೂ ಬಂದರು. ಮಗ ತಡೆಯಲು ಹೋದ, ನಾನು ಬೇಡ ಅಂದೆ. ಅಲುಗಾಡದೆ ನಿಂತುಕೊಂಡೆ.

ಆ ಪುಟ ನಾನು ನೋಡಿದೆ. ಭುಜ ಹದಿನಾಲ್ಕೂವರೆ, ಭುಜ ಹದಿನಾಲ್ಕೂವರೆ, ಭುಜ ಹದಿನಾಲ್ಕೂವರೆ. ಅಕ್ಷರ ಸೊಟ್ಟ, ಸಾಲು ಸೊಟ್ಟ. ಮೂರನ್ನೂ ಅಳೆದೇ ಬರೆದಿದ್ದರು.